ಟಾಂಪೆರೆಯ ಸಭೆಯಲ್ಲಿ ನಾನು ಎದ್ದು ನಿಂತದ್ದು

ಕಮರ್ಷಿಯಲ್ ಸ್ಟ್ರೀಟ್

ಫಿನ್ಲೆಂಡಿಗೆ ಹೊರಡುವ ಮುಂಚೆ ನಾನು ಹಲಸೂರಿನಲ್ಲಿ ಯಾರನ್ನೂ ನೆಮ್ಮದಿಯಾಗಿ ಇರಗೊಡಲಿಲ್ಲ. ಹಾಲಿನ ಬೂತಿನಲ್ಲಿ, ಕೆರೆ ಸುತ್ತ ವಾಕಿಂಗಿನಲ್ಲಿ, ಬಿಪಿ ಮಾತ್ರೆ ಕೊಳ್ಳುವ ಮೆಡಿಕಲ್ ಶಾಪಿನಲ್ಲಿ ಒಂದೇ ಸುದ್ದಿ. "ತಂಗಿ ಮಗಳಿಗೆ ಡಾಕ್ಟರೇಟ್ ಬರ್ತಿದೆ. ಹುಡುಗಿ ಬುದ್ಧಿವಂತೆ, ಇಲ್ಲ ಅನ್ನಲ್ಲ. ಆದ್ರೆ ಐಡಿಯಾ ನಂದು." ಇದನ್ನು ಓದುತ್ತಿರುವವರಲ್ಲಿ ಆ ಮಾತು ಕೇಳಿಸಿಕೊಂಡವರೂ ಇರುತ್ತೀರಿ. ಪ್ರವಾಸದ ನೆಪದಲ್ಲಿ ನಿಮಗೆ ಒಂದು ವಿಷಯ ಒಪ್ಪಿಸಬೇಕಾಗಿದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಓದಿದ್ದು ಹೈಸ್ಕೂಲು. ಸಿ.ವಿ. ರಾಮನ್ ನಗರದ ಆಚೆ, ರಕ್ತಪರೀಕ್ಷೆಯ ಕಿಟ್ ತಯಾರಿಸುವ ಒಂದು ಲ್ಯಾಬಿಗೆ ಅಟೆಂಡರಾಗಿ ಸೇರಿ ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಪ್ಲಾಸ್ಟಿಕ್ ಟ್ಯೂಬಿನ ಒಳಮೈಗೆ ಪ್ರೊಟೀನು ಅಂಟಿಸುವುದು ಅಲ್ಲಿನ ಕೆಲಸ. ಅಂಟಿದ ಪ್ರೊಟೀನು ಕಣ್ಣಿಗೆ ಕಾಣುವುದಿಲ್ಲ. ಎಷ್ಟು ಅಂಟಿದೆ ಎಂದು ಗೊತ್ತಾಗಬೇಕಾದರೆ ಅದರಲ್ಲಿ ಸ್ವಲ್ಪಕ್ಕೆ ವಿಕಿರಣ ಸೂಸುವ ಅಯೋಡಿನ್ ಸೇರಿಸಬೇಕು. ಅದಕ್ಕೆ ಲೇಬಲ್ ಹಾಕುವುದು ಅನ್ನುತ್ತಿದ್ದರು. ಆಮೇಲೆ ಟ್ಯೂಬನ್ನು ಮೂರು ಸಲ ತೊಳೆದು, ಅಂಟದೆ ಉಳಿದದ್ದನ್ನು ಬೇರೆ ಡಬ್ಬಕ್ಕೆ ಸುರಿದು, ಯಂತ್ರದೊಳಗೆ ಇಟ್ಟರೆ ಅದು ಎಣಿಸಿ ಹೇಳುತ್ತದೆ. ತೊಳೆಯುವುದು ನನ್ನ ಪಾಲಿನ ಕೆಲಸ. ಎಣಿಕೆ ಎಡವಟ್ಟಾದಾಗಲೆಲ್ಲ ಲ್ಯಾಬಿನ ಮೇಡಂಗೆ ನಾನು ಹೇಳುತ್ತಿದ್ದ ಮಾತೊಂದಿತ್ತು: "ಲೇಬಲ್ ಹಾಕಿದ್ದು ಬೇರೆ ಥರ ಅಂಟ್ಕೊಳ್ಳುತ್ತೆ ಮೇಡಂ."

ನನ್ನ ತಂಗಿ ಸರೋಜಳ ಮಗಳು ಅನು, ಕಾಲೇಜಿನ ಪ್ರಾಜೆಕ್ಟಿಗೆಂದು ನಮ್ಮ ಲ್ಯಾಬಿಗೆ ಬಂದಿದ್ದಾಗ ಈ ಮಾತು ಕೇಳಿದ್ದಳು. ಈಗ ಫಿನ್ಲೆಂಡಿನ ಟಾಂಪೆರೆ ಎಂಬ ಊರಿನಲ್ಲಿ ಅವಳು ಬರೆದ ಪ್ರಬಂಧದ ವಿಷಯವೂ ಅದೇ. ಲೇಬಲ್ ಹಾಕಿದ ಪ್ರೊಟೀನು, ಹಾಕದ ಪ್ರೊಟೀನು ಎರಡೂ ಪ್ಲಾಸ್ಟಿಕ್ಕಿಗೆ ಒಂದೇ ರೀತಿ ಅಂಟುತ್ತವೆಯೇ, ಇಲ್ಲವೇ. ಒಬ್ಬ ಮುದುಕನ ತಲೆ ತಿರುಗಲಿಕ್ಕೆ ಇಷ್ಟು ಸಾಕಾಯಿತು.

ಪ್ರಬಂಧವನ್ನು ಎಲ್ಲರ ಮುಂದೆ ಸಮರ್ಥಿಸಿಕೊಳ್ಳುವ ಸಭೆಗೆ ಕರಿ ಕೋಟು ಬೇಕು ಎಂದು ಅನು ಹೇಳಿದ್ದಳು. ಕಮರ್ಷಿಯಲ್ ಸ್ಟ್ರೀಟಿನ ಒಳಗಲ್ಲಿಯ ದರ್ಜಿ ರಹಮತ್ ಭಾಯ್ ಕೊರಳಿಗೆ ಟೇಪು ಹಾಕಿಕೊಂಡು ಕೇಳಿದರು, "ಶಾದಿಗಾ ಸಾಬ್, ಮೌತಿಗಾ?"

"ಡಾಕ್ಟರೇಟಿಗೆ."

"ನಿಮ್ದಾ?"

"ಒಂಥರಾ ನಂದೇ."

ಅವರು ನನ್ನ ಹೊಟ್ಟೆಯ ಸುತ್ತಳತೆ ತೆಗೆದುಕೊಂಡು, "ಹೌ, ಸೈಜು ಡಾಕ್ಟರ್‌ದೇ ಇದೆ" ಎಂದರು. ಕಾಲರಿನ ಒಳಗೆ ತಮ್ಮ ಅಂಗಡಿಯ ಲೇಬಲ್ಲನ್ನೂ ಹೊಲಿದುಕೊಟ್ಟರು. ಫಾರಿನ್ನಿನಲ್ಲಿ ಯಾರಾದರೂ ಕೇಳಿದರೆ ತೋರಿಸಬೇಕಂತೆ. ಆ ಲೇಬಲ್ಲು ಪ್ರವಾಸ ಮುಗಿಯುವ ತನಕ ನನ್ನ ಕತ್ತು ಚುಚ್ಚಿತು. ಯಾರೂ ಕೇಳಲಿಲ್ಲ.

ಸರೋಜಳಿಗೆ ಮಂಡಿ ಆಪರೇಷನ್ ಆಗಿತ್ತು. ಅವಳ ಗಂಡ ತೀರಿಕೊಂಡು ಎಷ್ಟೋ ಕಾಲವಾಗಿದೆ. ಅನುವಿನ ಕಡೆಯವರು ಅಂತ ಹೋಗಲಿಕ್ಕೆ ಇದ್ದವನು ನಾನೊಬ್ಬನೇ. ಹೊರಡುವ ದಿನ ಸರೋಜ ನನ್ನ ಕೈ ಹಿಡಿದುಕೊಂಡಳು. "ಅಣ್ಣ, ಅಲ್ಲಿ ನೀನೇನೂ ಮಾಡ್ಬೇಡ. ಸುಮ್ನೆ ಕೂತಿದ್ದು ಬಾ. ಊಟ ನಿದ್ದೆ ಬಿಟ್ಟು ಮಾಡಿದಾಳೆ ಮಗು."

"ಕೂತ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಾ?" ಎಂದೆ ನಾನು.

ಹೆಲ್ಸಿಂಕಿ ವಿಮಾನ ನಿಲ್ದಾಣ

ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ನನ್ನ ಪಾಸ್‌ಪೋರ್ಟು ನೋಡಿ, ಬಂದ ಕಾರಣ ಏನು ಎಂದು ಕೇಳಿದ. ಸಂಬಂಧಿಕರ ಮನೆಗೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹಿಂದೆ ನಿಂತ ಜನಕ್ಕೂ ಕೇಳಲಿ ಎಂದು ನಾನು ಗಟ್ಟಿಯಾಗಿ, ನನಗೆ ಬರುವ ಇಂಗ್ಲಿಷಿನಲ್ಲಿ, "ರೇಡಿಯೋಆ್ಯಕ್ಟಿವ್ ಸಂಶೋಧನೆ ಸಾರ್. ಜೀವನಪೂರ್ತಿ ಕೈಯಾರೆ ಮುಟ್ಟಿದ್ದೇನೆ" ಎಂದೆ.

ಮುಂದಿನದು ಒಂದು ಪಕ್ಕದ ಕೋಣೆಯಲ್ಲಿ ನಡೆಯಿತು. ಇಬ್ಬರು ಕೈಗವಸು ಹಾಕಿಕೊಂಡು ನನ್ನ ಸೂಟ್‌ಕೇಸ್ ಬಿಚ್ಚಿದರು. ನಿಪ್ಪಟ್ಟು, ಹುರಿಗಾಳು, ಸರೋಜ ಕಟ್ಟಿಕೊಟ್ಟ ಪುಳಿಯೋಗರೆ ಗೊಜ್ಜು ಮೇಜಿನ ಮೇಲೆ ಸಾಲಾಗಿ ಕೂತವು. ಒಬ್ಬಾಕೆ ಒಂದು ಮೀಟರನ್ನು ಎಲ್ಲದರ ಮೇಲೂ ಆಡಿಸಿದಳು. ಮೀಟರು ಸುಮ್ಮನಿತ್ತು. ಇನ್ನೊಬ್ಬ ಚಟ್ನಿಪುಡಿಯ ಡಬ್ಬಿ ತೆರೆದು ಮೂಸಿ ನೋಡಿದ. ಅವನು ಸೀನಿದ ರಭಸಕ್ಕೆ ಹೊರಗಿನಿಂದ ಮತ್ತೊಬ್ಬರು ಓಡಿ ಬಂದರು. ಕೊನೆಗೆ ಎಲ್ಲವನ್ನೂ ಅವರೇ ನೀಟಾಗಿ ಮಡಚಿ ತುಂಬಿಕೊಟ್ಟು, ಈ ನಿಲ್ದಾಣದಲ್ಲಿ ಇನ್ನೊಮ್ಮೆ ಆ ಶಬ್ದ ಆಡಬೇಡಿ ಎಂದು ಸಣ್ಣ ದನಿಯಲ್ಲಿ ಹೇಳಿ ಕಳಿಸಿದರು. ನಮ್ಮಲ್ಲಾದರೆ ಬೈದು, ಕೂರಿಸಿ, ಆಮೇಲೆ ಒಂದು ನಿಪ್ಪಟ್ಟು ತಿಂದು ಬಿಡುತ್ತಿದ್ದರು. ಇವರ ಮರ್ಯಾದೆಯಿಂದಲೇ ನನಗೆ ಹೆಚ್ಚು ಅವಮಾನವಾಯಿತು.

ಹೊರಗೆ ಅನು ಕಾದು ಕಾದು ಬಿಳಿಚಿಕೊಂಡಿದ್ದಳು. "ಏನ್ ಹೇಳಿದ್ರಿ ಮಾವ ಅವ್ರಿಗೆ?"

"ನಿಜ ಹೇಳ್ದೆ."

"ಅಷ್ಟೊಂದು ಯಾರ್ ಕೇಳಿದ್ರು ನಿಮ್ಮನ್ನ?"

ಆ ಮಾತನ್ನು ಅಲ್ಲೇ ಗಂಟು ಹಾಕಿ ಇಟ್ಟುಕೊಂಡಿದ್ದರೆ ಈ ಬರಹದ ಅಗತ್ಯ ಬೀಳುತ್ತಿರಲಿಲ್ಲ.

ಟಾಂಪೆರೆಯ ಬಸ್ ಸ್ಟಾಪು

ಟಾಂಪೆರೆ ಎರಡು ದೊಡ್ಡ ಕೆರೆಗಳ ನಡುವಿನ ಊರು. ಕೆರೆಯ ನೀರು ನೀರಿನ ಬಣ್ಣದಲ್ಲೇ ಇರುತ್ತದೆ, ವಾಸನೆಯೂ ಇಲ್ಲ. ಹಲಸೂರಿನವನಿಗೆ ಇದು ಕೆರೆಯೇ ಎಂದು ನಂಬಲಿಕ್ಕೆ ಸ್ವಲ್ಪ ಸಮಯ ಹಿಡಿಯಿತು.

ಜನ ಮಾತ್ರ ಅರ್ಥವಾಗಲಿಲ್ಲ. ಬಸ್ ಸ್ಟಾಪಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎಮ್ಮೆ ಹಾದುಹೋಗುವಷ್ಟು ಜಾಗ. ನಮ್ಮ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಆ ಜಾಗದಲ್ಲಿ ಆರು ಜನ, ಎರಡು ಹೂವಿನ ಬುಟ್ಟಿ, ಒಂದು ಸ್ಕೂಟರು ಇರುತ್ತವೆ. ಬಸ್ಸು ಬಂತು. ಒಳಗೆ ಒಬ್ಬನೇ ಒಬ್ಬ ಕೂತಿದ್ದ. ಪಾಪ, ಒಂಟಿಯಾಗಿದ್ದಾನೆ ಎಂದು ಅವನ ಪಕ್ಕದಲ್ಲೇ ಹೋಗಿ ಕೂತೆ. ಅವನು ಕಿಟಕಿಗೆ ಒತ್ತಿಕೊಂಡ. ಊಟ ಆಯಿತಾ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದೆ. ಮುಂದಿನ ಸ್ಟಾಪಿನಲ್ಲಿ ಇಳಿದುಹೋದ.

"ಬಸ್ಸೆಲ್ಲಾ ಖಾಲಿ ಇದೆ ಮಾವ," ಎಂದಳು ಅನು ಹಲ್ಲು ಕಚ್ಚಿಕೊಂಡು. "ಪಕ್ಕದಲ್ಲೇ ಬಂದು ಕೂತ್ರೆ ಅವ್ನು ಏನಂತ ತಿಳ್ಕೋಬೇಕು?"

ಅನುವಿನ ಜೊತೆ ಮನೆ ಹಂಚಿಕೊಂಡಿರುವ ಹುಡುಗಿ ಐನೋ ಆ ಊರಿನವಳೇ. ಮಾತು ಕಡಿಮೆ. ಇಡೀ ಸಂಜೆ ನನ್ನ ಎದುರಿಗೆ ಕೂತು ಅವಳು ಆಡಿದ ಮಾತು "ಕಾಫಿ?" ಎಂಬುದೊಂದೇ. ಆದರೆ ಮಾರನೆಯ ದಿನದ ಸಭೆಯ ಪದ್ಧತಿ ಕೇಳಿದಾಗ ಮಾತ್ರ ವಿವರವಾಗಿ ಹೇಳಿದಳು. ಬೇರೆ ದೇಶದಿಂದ ಒಬ್ಬ ಪ್ರೊಫೆಸರನ್ನು ಎದುರಾಳಿ ಎಂದೇ ಕರೆಸುತ್ತಾರೆ. ಆ ಎದುರಾಳಿ ಎಲ್ಲರ ಮುಂದೆ ಪ್ರಬಂಧದಲ್ಲಿ ತಪ್ಪು ಹುಡುಕಬೇಕು. ಸಂಜೆ ಹುಡುಗಿಯೇ ಆ ಎದುರಾಳಿಗೆ ಊಟ ಹಾಕಿ ಗೌರವಿಸಬೇಕು.

"ನಮ್ಮಲ್ಲಿ ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು ಕೊಟ್ಟ ಹಾಗೆ" ಎಂದೆ. ಅನು ನಕ್ಕಳು. ಆ ಪ್ರವಾಸದಲ್ಲಿ ಅವಳು ನನ್ನ ಮಾತಿಗೆ ನಕ್ಕದ್ದು ಅದೇ ಕೊನೆ.

ಸಭಾಂಗಣ

ಮೂರು ಜನ ಕಪ್ಪು ಬಟ್ಟೆಯಲ್ಲಿ ಸಾಲಾಗಿ ಒಳಗೆ ಬಂದರು. ಮುಂದೆ ಅನು, ಹಿಂದೆ ಅಧ್ಯಕ್ಷರಾದ ಅವಳ ಗೈಡು, ಅವರ ಹಿಂದೆ ಎದುರಾಳಿ. ಎದುರಾಳಿ ಡೆನ್ಮಾರ್ಕಿನ ಎತ್ತರದ ಹೆಂಗಸು, ನನ್ನಷ್ಟೇ ವಯಸ್ಸು. ಕೈಯಲ್ಲಿ ಒಂದು ಕರಿ ಟೋಪಿ. ಅದನ್ನು ತಲೆಗೆ ಹಾಕಿಕೊಳ್ಳದೆ ಮೇಜಿನ ಮೇಲಿಟ್ಟರು. ಇಷ್ಟು ಚೆಂದದ ಟೋಪಿಯನ್ನು ಮೇಜಿಗೆ ಹಾಕಲು ಅಷ್ಟು ದೂರದಿಂದ ತರಬೇಕಿತ್ತೇ ಎಂದುಕೊಂಡೆ.

ಮೊದಲು ಅನು ಸಾಮಾನ್ಯ ಜನರಿಗೆ ತಿಳಿಯುವ ಹಾಗೆ ವಿಷಯ ಹೇಳಬೇಕು. ಪರದೆಯ ಮೇಲೆ ಟಿನ್ ಫ್ಯಾಕ್ಟರಿಯ ಚಿತ್ರ ಬಂದಾಗ ನನ್ನ ಎದೆ ಉಬ್ಬಿತು. ಅವಳು ಹೇಳಿದ್ದರ ಸಾರ ಇಷ್ಟು. ಈ ನೂಕುನುಗ್ಗಲಿನಲ್ಲಿ ಎಷ್ಟು ಜನ ಬಸ್ಸು ಹತ್ತುತ್ತಾರೆ ಎಂದು ದೂರದಿಂದ ಎಣಿಸಬೇಕು. ಎಲ್ಲರನ್ನೂ ಎಣಿಸಲಾಗದು. ಅದಕ್ಕೆ ಕೆಲವರ ತಲೆಗೆ ಕೆಂಪು ಟೋಪಿ ಹಾಕಿ, ಬಸ್ಸಿನೊಳಗೆ ಎಷ್ಟು ಕೆಂಪು ಟೋಪಿ ಕಾಣುತ್ತವೆ ಎಂದು ನೋಡುತ್ತೀರಿ. ಆದರೆ ಟೋಪಿ ಹಾಕಿದವನನ್ನು ಕಂಡ ಕೂಡಲೇ ಜನ ಚೆಕ್ಕಿಂಗಿನವನು ಬಂದ ಎಂದು ದಾರಿ ಬಿಡುತ್ತಾರೆ, ಕಂಡಕ್ಟರು ಸೀಟು ಕೊಡುತ್ತಾನೆ. ಅವನೂ ತಾನು ದೊಡ್ಡ ಮನುಷ್ಯನೆಂದು ನಂಬಿ ಮುನ್ನುಗ್ಗುತ್ತಾನೆ. ಈಗ ನಿಮ್ಮ ಎಣಿಕೆ ಜನರ ಬಗ್ಗೆ ಹೇಳುತ್ತಿದೆಯೋ, ಟೋಪಿಯ ಬಗ್ಗೆಯೋ? ಅಯೋಡಿನ್ ಲೇಬಲ್ಲು ಪ್ರೊಟೀನಿಗೆ ಮಾಡುವುದೂ ಹೀಗೇ. ಲೇಬಲ್ ಹಾಕುವಾಗ ಬಳಸುವ ರಾಸಾಯನಿಕದಿಂದ ಪ್ರೊಟೀನಿನ ಮೈ ಸ್ವಲ್ಪ ಬದಲಾಗುತ್ತದೆ, ಪ್ಲಾಸ್ಟಿಕ್ಕಿಗೆ ಬೇರೆ ರೀತಿ ಅಂಟುತ್ತದೆ. ಕೆಲವು ಪ್ರೊಟೀನುಗಳಲ್ಲಿ ಹೆಚ್ಚು, ಕೆಲವುಗಳಲ್ಲಿ ಏನೂ ಇಲ್ಲ. ಯಾವುದರಲ್ಲಿ ಎಷ್ಟು ಎಂಬುದನ್ನು ಅವಳು ಒಂದೊಂದಾಗಿ ಅಳೆದಿದ್ದಳು.

ಎದುರಾಳಿ ಶುರುಮಾಡಿದರು. ಗಟ್ಟಿ ದನಿಯಿಲ್ಲ, ಸಿಟ್ಟಿಲ್ಲ. ಪುಟ ತಿರುವಿ, ಕನ್ನಡಕದ ಮೇಲಿಂದ ನೋಡಿ, ಸೂಜಿ ಚುಚ್ಚಿದ ಹಾಗೆ ಒಂದು ಪ್ರಶ್ನೆ. ಅನು ಒಂದಕ್ಕೂ ತಡವರಿಸಲಿಲ್ಲ. ಕೊನೆಗೆ ಕೇಳಿದರು, "ಈ ಸಂಶಯ ನಿಮಗೆ ಮೊದಲು ಬಂದದ್ದು ಹೇಗೆ?"

"ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಎಣಿಕೆಗಳು ಒಂದಕ್ಕೊಂದು ಹೊಂದದ್ದನ್ನು ನೋಡಿ" ಎಂದಳು ಅನು.

ಅಷ್ಟೇ. ಮಾವ ಎಂಬ ಶಬ್ದವಿಲ್ಲ. ಕಾಲರಿನ ಲೇಬಲ್ಲು ಆಗಲೇ ಜಾಸ್ತಿ ಚುಚ್ಚಿದ ಹಾಗಾಯಿತು.

ಆಮೇಲೆ ಅವಳು ಸಭೆಯ ಕಡೆ ತಿರುಗಿ, ತನ್ನ ಪ್ರಬಂಧದ ಮೇಲೆ ಆಕ್ಷೇಪ ಇರುವವರು ಅಧ್ಯಕ್ಷರ ಅಪ್ಪಣೆ ಪಡೆದು ಮಾತಾಡಬಹುದು ಎಂದಳು. ಅದು ನನಗೆ ಅರ್ಥವಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಪೂರ್ತಿ ಅರ್ಥವಾಯಿತು. ಆದರೆ ನಮ್ಮ ಕಡೆ ಗೃಹಪ್ರವೇಶವಿರಲಿ, ಬೀಳ್ಕೊಡುಗೆಯಿರಲಿ, ಹಿರಿಯರೊಬ್ಬರು ಎದ್ದು ಎರಡು ಮಾತು ಆಡದೆ ಸಭೆ ಮುಗಿಯುವುದುಂಟೇ? ಅಷ್ಟು ಜನರಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ನಮ್ಮ ಹುಡುಗಿಯ ಬಗ್ಗೆ ಹೇಳಲು ಇವರಿಗೆ ಒಂದು ಮಾತೂ ಇಲ್ಲವೇ ಎಂದು ಕೆಟ್ಟದೆನಿಸಿತು. ಇದು ನಾನು ಆಗ ನನಗೇ ಹೇಳಿಕೊಂಡ ಕಾರಣ. ನಿಜವಾದ ಕಾರಣ ನಿಮಗೆ ಗೊತ್ತಾಗಿರುತ್ತದೆ.

ಎದ್ದು ನಿಂತೆ. ಇಡೀ ಸಭೆ ತಿರುಗಿ ನೋಡಿತು. ಅಧ್ಯಕ್ಷರು ಗಾಬರಿಯಿಂದ ತಲೆಯಾಡಿಸಿದರು.

"ಈ ಹುಡುಗಿ ನಮ್ಮ ಮನೆ ಹುಡುಗಿ" ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ. "ಒಳ್ಳೆಯ ಹುಡುಗಿ. ಲೇಬಲ್ ಹಾಕಿದ್ದು ಬೇರೆ ಥರ ಅಂಟುತ್ತದೆ ಎಂದು ಮೊದಲು ಹೇಳಿದವನು ನಾನು. ನಮ್ಮ ಲ್ಯಾಬಿನಲ್ಲಿ, ಇವಳ ಎದುರಿಗೇ. ಅದು ಪುಸ್ತಕದಲ್ಲಿ ಬಂದಿಲ್ಲ. ಪರವಾಗಿಲ್ಲ. ನನ್ನ ಆಶೀರ್ವಾದ ಇದೆ."

ಡೆನ್ಮಾರ್ಕಿನ ಪ್ರೊಫೆಸರು ಪೆನ್ನು ಎತ್ತಿಕೊಂಡು ಏನೋ ಬರೆದುಕೊಂಡರು. ಉತ್ತರ ಕೊಡಬೇಕು ಎಂದು ಅಧ್ಯಕ್ಷರು ಅನುವಿಗೆ ಹೇಳಿದರು. ಅವಳು ನನ್ನನ್ನೇ ನೋಡಿದಳು. ಹೇಳು ಹೇಳು, ಸಂಕೋಚ ಬೇಡ ಎಂಬಂತೆ ನಾನು ತಲೆ ಆಡಿಸಿದೆ.

"ಹೌದು. ಆ ಮಾತನ್ನು ನಾನು ಮೊದಲು ಕೇಳಿದ್ದು ಇವರ ಬಾಯಿಂದಲೇ" ಎಂದಳು. "ಹೆಸರು ಹಾಕಬೇಕಿತ್ತು. ತಪ್ಪು ನನ್ನದು."

ಕೇಕಿನ ಮೇಜು

ಸಭೆಯ ಹೊರಗೆ ಕಾಫಿ, ಕೇಕು. ಬಸ್ಸಿನಲ್ಲಿ ಪಕ್ಕ ಕೂತರೆ ಇಳಿದುಹೋಗುವ ಜನ ಈಗ ಹತ್ತಿರ ಬಂದು ನನ್ನ ಕೈ ಕುಲುಕಿದರು. ಒಬ್ಬರು ನನ್ನ ಲ್ಯಾಬಿನ ಬಗ್ಗೆ ಕೇಳಿದರು. ನಾನು ಎರಡನೆಯ ಕೇಕು ತೆಗೆದುಕೊಂಡು ವಿಸ್ತಾರವಾಗಿ ಹೇಳತೊಡಗಿದೆ. ಆಗ ಐನೋ ಬಂದು ನನ್ನನ್ನು ಪಕ್ಕಕ್ಕೆ ಕರೆದಳು.

"ಸಂಜೆ ಊಟಕ್ಕೆ ನಿಮ್ಮ ಜಾಗ ಬದಲಾಗಿದೆ" ಎಂದಳು. "ಮನೆಯವರ ಸಾಲಿನಲ್ಲಿ ಇಟ್ಟಿದ್ದೆವು. ಸಭೆಯಿಂದ ಎದ್ದು ಆಕ್ಷೇಪಿಸಿದವರೂ ಎದುರಾಳಿಯೇ. ಪದ್ಧತಿ ಪ್ರಕಾರ ನೀವು ಪ್ರೊಫೆಸರ ಪಕ್ಕ ಕೂರಬೇಕು."

"ನಾನು ಆಕ್ಷೇಪಿಸಲಿಲ್ಲವಲ್ಲಮ್ಮ, ಹೊಗಳಿದೆ."

ಐನೋ ದನಿ ತಗ್ಗಿಸಿದಳು. "ಇನ್ನೊಬ್ಬರ ವಿಚಾರವನ್ನು ಹೆಸರು ಹೇಳದೆ ತನ್ನದೆಂದು ಬರೆಯುವುದಕ್ಕೆ ಇಲ್ಲಿ ಕಳ್ಳತನ ಅನ್ನುತ್ತಾರೆ. ಪ್ರೊಫೆಸರು ತಮ್ಮ ವರದಿ ಇನ್ನೂ ಬರೆಯಬೇಕು. ಅದನ್ನು ನೋಡಿಯೇ ಅನುವಿಗೆ ಡಿಗ್ರಿ ಕೊಡುವುದು."

ಕೇಕಿನ ತಟ್ಟೆ ಹಿಡಿದೇ ಸುತ್ತ ಕಣ್ಣಾಡಿಸಿದೆ. ಅನು ಕಿಟಕಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಹೋಗಿ, "ಅಲ್ವೇ, ನೀನ್ಯಾಕೆ ಹೌದು ಅಂದೆ?" ಎಂದು ಕೇಳಿದೆ. ಎಂಥ ನಾಚಿಕೆಗೇಡಿ ಪ್ರಶ್ನೆ ನೋಡಿ.

"ಮತ್ತೇನ್ ಅನ್ಬೇಕಿತ್ತು ಮಾವ?" ಅವಳ ದನಿ ಏರಲಿಲ್ಲ. "ಅಷ್ಟು ಜನದ ಮುಂದೆ, ನಮ್ಮ ಮಾವ ಟ್ಯೂಬು ಸರಿಯಾಗಿ ತೊಳೀತಿರ್ಲಿಲ್ಲ, ಸಿಕ್ಕಾಕ್ಕೊಂಡಾಗ ಲೇಬಲ್ ಮೇಲೆ ಹಾಕ್ತಿದ್ರು ಅಂತನಾ?"

ನಾನು ಕೇಕಿನ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ.

"ಅಮ್ಮ ಫೋನ್ ಮಾಡಿದ್ರೆ ಚೆನ್ನಾಗಾಯ್ತು ಅನ್ನಿ. ಅಷ್ಟು ಮಾಡಿ ಸಾಕು."

ಇದೇ ನಿಮಗೆ ಒಪ್ಪಿಸಬೇಕಾದ ವಿಷಯ. ಮೂರು ಸಲ ತೊಳೆಯಬೇಕಾದಲ್ಲಿ ನಾನು ಎರಡು ಸಲ ತೊಳೆದು ಟೀ ಕುಡಿಯಲು ಹೋಗುತ್ತಿದ್ದೆ. ಎಣಿಕೆ ತಪ್ಪುತ್ತಿತ್ತು. ಲೇಬಲ್ಲಿಗೆ ಬಾಯಿಲ್ಲವಲ್ಲ, ತಪ್ಪು ಅದರ ತಲೆಗೆ ಕಟ್ಟುತ್ತಿದ್ದೆ. ಕರೆಂಟು ಹೋದಾಗಲೂ ಅದೇ ಮಾತು, ಟ್ಯೂಬುಗಳು ಅದಲುಬದಲಾದಾಗಲೂ ಅದೇ ಮಾತು. ಮೇಡಂ ನಂಬಿ ಸುಮ್ಮನಾದರು. ಅನು ಒಬ್ಬಳು ನಂಬಲೂ ಇಲ್ಲ, ಬಿಡಲೂ ಇಲ್ಲ. ತಾನೇ ಮೂರು ಸಲ ತೊಳೆದು ನೋಡಿದಳು. ಆಗಲೂ ಸ್ವಲ್ಪ ವ್ಯತ್ಯಾಸ ಉಳಿಯಿತು. ಆ ಉಳಿದ ಸ್ವಲ್ಪವೇ ಅವಳ ಪ್ರಬಂಧ.

ಎದುರಾಳಿಗಳ ಸಾಲು

ಊಟ ಬಾಡಿಗೆಗೆ ಹಿಡಿದ ಒಂದು ಸಣ್ಣ ಛತ್ರದಂಥ ಜಾಗದಲ್ಲಿ, ಕೆರೆಯ ದಡದಲ್ಲಿ. ರಾತ್ರಿಯೂಟದ ಹೊತ್ತಾದರೂ ಹೊರಗೆ ಮಧ್ಯಾಹ್ನದ ಹಾಗೆ ಬಿಸಿಲು. ತಲೆ ತಪ್ಪಿಸಿಕೊಂಡು ಕೂರಲು ಆ ದೇಶದಲ್ಲಿ ಬೇಸಿಗೆಯಲ್ಲಿ ಕತ್ತಲೆಯೂ ಸಿಗುವುದಿಲ್ಲ. ನನ್ನ ತಟ್ಟೆಯ ಮುಂದೆ ಒಂದು ಚೀಟಿ ನಿಲ್ಲಿಸಿದ್ದರು. ನನ್ನ ಹೆಸರು, ಕೆಳಗೆ ಎರಡನೆಯ ಎದುರಾಳಿ ಎಂದು. ಪ್ರೊಫೆಸರು ನನ್ನತ್ತ ಬಾಗಿ, "ಇವತ್ತು ನಾವಿಬ್ಬರೂ ಒಂದೇ ಪಕ್ಷ" ಎಂದರು. ಅವರು ತಮಾಷೆ ಮಾಡಿದರೋ ಇಲ್ಲವೋ ಆ ಮುಖ ನೋಡಿ ಹೇಳುವಂತಿರಲಿಲ್ಲ.

ಅನು ಎದ್ದು ವಂದನೆ ಹೇಳಿದಳು. ಅದಕ್ಕೂ ಒಂದು ಕ್ರಮ. ಮೊದಲು ಪ್ರೊಫೆಸರಿಗೆ, ಆಮೇಲೆ ಗೈಡಿಗೆ, ಆಮೇಲೆ ನನಗೆ. "ನನ್ನ ಎರಡನೆಯ ಎದುರಾಳಿಗೆ, ನನ್ನ ಮಾವನಿಗೆ," ಎಂದಳು, "ಲ್ಯಾಬಿನ ಬಾಗಿಲು ಮೊದಲು ತೆರೆದು ತೋರಿಸಿದ್ದಕ್ಕೆ." ಬಾಗಿಲು ತೆರೆಯುವುದು ಅಟೆಂಡರ ಕೆಲಸ. ಅವಳು ಸುಳ್ಳೂ ಹೇಳಲಿಲ್ಲ, ಹೆಚ್ಚೂ ಕೊಡಲಿಲ್ಲ.

ವಂದನೆ ಪಡೆದವರು ಅದೇ ಕ್ರಮದಲ್ಲಿ ಎದ್ದು ಉತ್ತರ ಹೇಳಬೇಕು. ನಾನು ಹಲಸೂರಿನಿಂದ ಹೊತ್ತು ತಂದಿದ್ದ ಎರಡು ಮಾತಿಗೆ ಇವರು ಮೊದಲೇ ಜಾಗ ಇಟ್ಟಿದ್ದರು. ಬೆಳಿಗ್ಗೆ ಸುಮ್ಮನಿದ್ದಿದ್ದರೆ ಇಲ್ಲಿ ಮನೆಯವರ ಸಾಲಿನಿಂದ ಎದ್ದು ಆಡಬಹುದಿತ್ತು.

ನನ್ನ ಸರದಿ ಬಂತು. ಕತ್ತು ಚುಚ್ಚುತ್ತಿದ್ದ ಕೋಟನ್ನು ಬಿಚ್ಚಿ ಕುರ್ಚಿಗೆ ಹಾಕಿದೆ.

"ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ಆ ಮಾತು ಆಡಿದ್ದು ಹೌದು. ಎಣಿಕೆ ತಪ್ಪಿದಾಗ ಬೈಗುಳ ತಪ್ಪಿಸಿಕೊಳ್ಳಲು ಆಡಿದ್ದು. ನಾನು ಟ್ಯೂಬು ಸರಿಯಾಗಿ ತೊಳೆಯುತ್ತಿರಲಿಲ್ಲ. ಈ ಹುಡುಗಿ ನನ್ನ ಮಾನ ಉಳಿಸಲು ತನ್ನ ಮೇಲೆ ತಪ್ಪು ಹಾಕಿಕೊಂಡಳು."

ಒಬ್ಬರಿಬ್ಬರು ಜೋಕೆಂದು ನಗಲು ಹೊರಟು ನಿಲ್ಲಿಸಿದರು. ಟಿನ್ ಫ್ಯಾಕ್ಟರಿಯಲ್ಲಾದರೆ ನಾಲ್ಕು ಜನ ಬಾಯಿ ಹಾಕುತ್ತಿದ್ದರು, ಒಬ್ಬ ಬೈಯುತ್ತಿದ್ದ, ಇನ್ನೊಬ್ಬ ಹೋಗ್ಲಿ ಬಿಡ್ರೀ ಎನ್ನುತ್ತಿದ್ದ. ಇಲ್ಲಿ ಚಮಚದ ಸದ್ದೂ ಇಲ್ಲ. ಪ್ರೊಫೆಸರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು.

"ನೀವು ಅದನ್ನು ಯಾವತ್ತಾದರೂ ಪರೀಕ್ಷಿಸಿ ನೋಡಿದ್ದಿರಾ?"

"ಇಲ್ಲ ಮೇಡಂ. ನೋಡಿದ್ದು ಅವಳು."

"ಹಾಗಾದರೆ ಅದು ವಿಚಾರವಲ್ಲ, ನೆಪ" ಎಂದರು. "ನೆಪಗಳ ಬಗ್ಗೆ ನಾನು ವರದಿ ಬರೆಯುವುದಿಲ್ಲ." ಮತ್ತೆ ತಮ್ಮ ಆಲೂಗಡ್ಡೆಯ ಕಡೆ ತಿರುಗಿಕೊಂಡರು.

ಅನುವಿಗೆ ಡಿಗ್ರಿ ಬಂದದ್ದು, ಸರೋಜ ಕುಂಟಿಕೊಂಡೇ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದ್ದು ನಿಮಗೆ ಗೊತ್ತು. ಆಗ ನಾನು ಯಾಕೆ ಅಷ್ಟು ಸುಮ್ಮನಿದ್ದೆ ಎಂದು ಮೆಡಿಕಲ್ ಶಾಪಿನವನು ಕೇಳಿದ. ಬಿಪಿ ಎಂದು ಹೇಳಿದೆ. ಅದೂ ನೆಪವೇ.

ಸಿಂಕು

ಆ ದೇಶದಲ್ಲಿ ಬಾಡಿಗೆ ಛತ್ರದ ಪಾತ್ರೆಗಳನ್ನು ಊಟ ಹಾಕಿದವರೇ ತೊಳೆದಿಟ್ಟು ಹೋಗಬೇಕು. ಕೆಲಸದವರನ್ನು ಕರೆಯುವ ಮಾತೇ ಇಲ್ಲ. ಆ ರಾತ್ರಿ ಅತಿಥಿಗಳು ಹೋದ ಮೇಲೆ ಅನು, ಐನೋ, ನಾನು ಉಳಿದೆವು. ಐನೋ ಮೇಜು ಒರೆಸುತ್ತಿದ್ದಳು. ನಾನು ಯಾರೂ ಹೇಳದೆಯೇ ಸಿಂಕಿನ ಮುಂದೆ ನಿಂತೆ. ಅನು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ಬಂದು ನಿಂತಳು. ಸಭೆ ಮುಗಿದ ಮೇಲೆ ಕಿಟಕಿಯ ಹತ್ತಿರ ಆಡಿದ್ದು ಬಿಟ್ಟರೆ ಅವಳು ನನ್ನ ಜೊತೆ ಮಾತಾಡಿರಲಿಲ್ಲ.

ಕಾಫಿ ಕಪ್ಪಿಗೆ ಸೋಪು ಹಚ್ಚಿ, ನಲ್ಲಿಯ ಕೆಳಗೆ ಒಂದು ಸಲ ಜಾಲಿಸಿದೆ. ಇನ್ನೊಂದು ಸಲ ಜಾಲಿಸಿ, ಕೈ ಅಭ್ಯಾಸದಂತೆ ಪಕ್ಕಕ್ಕೆ ಇಟ್ಟೆ.

ಅನು ಆ ಕಪ್ಪನ್ನು ಒರೆಸಲಿಲ್ಲ. ಒಂದು ಬೆರಳಿನಿಂದ ಅದನ್ನು ನಲ್ಲಿಯ ಕೆಳಕ್ಕೆ ವಾಪಸ್ಸು ತಳ್ಳಿದಳು.

"ಮೂರು, ಮಾವ" ಎಂದಳು.